ಪಾದಮೂಲದಿಂದ

ನ್ಯೂರೆಂಬರ್ಗಿನ ಸೇಂಟ್ ಲೊರೆಂಜ್ ಇಗರ್ಜಿಯಲ್ಲಿ, ಆಡಂ ಕ್ರಾಫ್ಟನು 1493ರಿಂದ 1496ರವರೆಗೆ ಕಡೆದು ನಿಲ್ಲಿಸಿದ ಶಿಲಾಗೋಪುರದೆದುರು ಮೈಮರೆತು ನಿಂತಿದ್ದಾಗ, ಪ್ರವಾಸಿಗರ ತಂಡವೊಂದು ಬಂದು, ಮಾರ್ಗದರ್ಶಿ ಹೇಳಿದೊಡನೆ ಕತ್ತೆತ್ತಿ, ಎತ್ತರವೆಷ್ಟೆಂಬುದನ್ನು ಕೇಳಿಕೊಂಡು, ಬಂದ ವೇಗದಲ್ಲಿಯೇ ಹೊರಟುಹೋದುದನ್ನು ನೆನೆದರೆ ನನಗೆ ಈಗಲೂ ಮನಸ್ಸು ಕುದಿಯುತ್ತದೆ. ಪವಿತ್ರ ಪ್ರಸಾದವನ್ನಿರಿಸುವುದಕ್ಕೆಂದು ನಿರ್ಮಿತವಾದ ಆ ಗೋಪುರವು ಸುಮಾರು 20 ಮೀಟರ್ ಮೇಲೇರಿ, ಚಾವಣಿಯು ಅಡ್ಡಬರಲಾಗಿ, ಬಳ್ಳಿಯ ಕುಡಿಯಂತೆ ತುದಿಯನ್ನು ಬಾಗಿಸಿಕೊಂಡಿದೆ, ಸೊಗಸು ನಿಜ. ಆದರೆ ಯಾವ ಶಿಲ್ಪವನ್ನೇ ಆಗಲಿ ಬುಡದಿಂದಲೇ ನೋಡಲಾರಂಭಿಸಬೇಕೆಂಬುದು, ಅದಕ್ಕಾಗಿ ನೆಲಕ್ಕೆ ಮೊಣಕಾಲೂರಬೇಕಾದರೂ ಊರಬೇಕೆಂಬುದು, ನಾನು ಬಹುಕಾಲದಿಂದ ಪಾಲಿಸಿಕೊಂಡು ಬಂದ ವ್ರತ.

ಏಕೆಂದರೆ ಶಿಲ್ಪಿ ಇರುವುದು ಅಲ್ಲಿಯೇ. ಗಡ್ಡಧಾರಿಯಾದ ಕ್ರಾಫ್ಟನು ಮಂಡಿಯೂರಿ, ಕೈಯಲ್ಲಿ ಕೊಡತಿ ಚಾಣಗಳನ್ನು ಹಿಡಿದು, ತಾನೇ ಕಡೆದ ಗೋಪುರದ ಭಾರವನ್ನು ತಾನೇ ಹೊತ್ತಿದ್ದಾನೆ. ಸಹಾಯಕರಿಬ್ಬರು ಅವನಂತೆಯೇ ಬಾಗಿದ್ದಾರೆ. ಅವನ ಮುಖದಲ್ಲಿ ಬಳಲಿಕೆಯುಂಟು, ದೈನ್ಯವಿಲ್ಲ. ಊರಿನ ಇನ್ನೊಂದು ಪಾರ್ಶ್ವದ ಸೇಂಟ್ ಸೆಬಾಲ್ಡ್ ಇಗರ್ಜಿಯಲ್ಲಿ ಪೀಟರ್ ವಿಷರನು ತನ್ನ ಪುತ್ರರೊಡಗೂಡಿ ಹಿತ್ತಾಳೆಯಲ್ಲಿ ಎರಕಹೊಯ್ದು 1519ರಲ್ಲಿ ಮುಗಿಸಿದ ಸಂತನ ಸಮಾಧಿಯನ್ನು ನೋಡಿ: ಅಷ್ಟು ದೊಡ್ಡ ರಚನೆಯನ್ನು ಬಸವನಹುಳುಗಳು ಹೊತ್ತು ನಿಂತಿವೆ, ಅದರ ಒಂದು ಕೊನೆಯಲ್ಲಿ ವಿಷರನು ಕಮ್ಮಟದಿಂದ ಈಗತಾನೆ ಎದ್ದುಬಂದವನಂತೆ ಚರ್ಮದ ಮುಂಗವಚ ಕಟ್ಟಿಕೊಂಡೇ ನಿಂತಿದ್ದಾನೆ. ಬಗ್ಗದವರಿಗೆ ಬಸವನಹುಳುವೂ ಇಲ್ಲ, ವಿಷರನೂ ಇಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಫ್ರಾವೆನ್‌ಕಿರ್ಖೆಯ ಗಡಿಯಾರದಲ್ಲಿ ಚಕ್ರವರ್ತಿಯನ್ನು ಚುನಾಯಿಸುವ ಏಳು ಮಂದಿ ಪ್ರಭುಗಳ ಗೊಂಬೆಗಳು ನಾಲ್ಕನೆಯ ಚಾರ್ಲ್ಸನನ್ನು ಸುತ್ತುವುದನ್ನು ಕಂಡು, ಊರೆಲ್ಲ ನೋಡಿದಂತಾಯಿತೆಂದು ಹೊರಡುವವರೊಡನೆ ನನಗೆ ವಾದವೇ ಬೇಡ.

ವಾದ ಬೇಕಾದುದು ಬೇರೊಂದು ಜಾತಿಯ ಪಂಡಿತರೊಡನೆ. 1945ರ ಜನವರಿ 2ರ ರಾತ್ರಿಯ ಬಾಂಬಿನ ಮಳೆಗೆ ಹಳೆಯ ಪಟ್ಟಣದ ಬಹುಭಾಗ ನಾಶವಾದುದರಿಂದ, ಈಗ ಕಾಣುವುದೆಲ್ಲ ಹೊಸದು, ನಕಲು, ಎಂದು ಇವರು ನಿಂತಲ್ಲಿಯೇ ತೀರ್ಪು ಕೊಡುತ್ತಾರೆ. ಇದು ಬರಿಯ ಅಜ್ಞಾನವಲ್ಲ, ಕೃತಘ್ನತೆ! ಯುದ್ಧಕಾಲದಲ್ಲಿ ಊರಿನವರು, ಸೇಂಟ್ ಲೊರೆಂಜ್ ಇಗರ್ಜಿಯಲ್ಲಿ ತೂಗುತ್ತಿದ್ದ, ವೈಟ್ ಸ್ಟೋಸನು ಮರದಲ್ಲಿ ಕೆತ್ತಿದ ‘ದೇವದೂತನ ವಂದನೆ’ಯೆಂಬ ಶಿಲ್ಪವನ್ನು ಕೆಳಗಿಳಿಸಿ, ಕೋಟೆಯ ಬಂಡೆಯೊಳಗೆ ಹಿಂದೆ ಬಿಯರ್ ಇಡುತ್ತಿದ್ದ ನೆಲಮಾಳಿಗೆಗಳಲ್ಲಿ ಬಚ್ಚಿಟ್ಟರು. ಕದಲಿಸಲಾಗದ ಕ್ರಾಫ್ಟನ ಗೋಪುರದ ಸುತ್ತ, ಅದು ನಿಂತಲ್ಲಿಯೇ, ಗೋಡೆಯೆಬ್ಬಿಸಿದರು. ಇಗರ್ಜಿಯ ಕಮಾನು ಕುಸಿದು ಗೋಪುರದ ಮೇಲ್ಭಾಗ ಜಖಂಗೊಂಡಿತು, ಬುಡದ ಶಿಲ್ಪಿಗಳು ಉಳಿದರು. ಮುರಿದುದನ್ನು ಮತ್ತೆ ಕೂಡಿಸಿದ ಕೈಗಳು ಕ್ರಾಫ್ಟನ ಕೈಗಳಿಗಿಂತ ಯಾವುದರಲ್ಲಿ ಕಡಿಮೆ?

ಇದೇ ಊರಿನ ಜರ್ಮನಿಕ್ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಮಾರ್ಟಿನ್ ಬೇಹೈಮನ ಭೂಗೋಳವಿದೆ. ಉಳಿದು ಬಂದಿರುವ ಭೂಗೋಳಗಳಲ್ಲಿ ಅತ್ಯಂತ ಪ್ರಾಚೀನವಾದುದು, ಅಮೆರಿಕಾ ಖಂಡವನ್ನೇ ಅರಿಯದುದು. ಅಧಿಕಾರ ನನ್ನದಾಗಿದ್ದರೆ, ಗೋಪುರವನ್ನು ಕಾದ ಆ ಗೋಡೆಯ ಒಂದು ತುಂಡನ್ನು ತಂದು ಅದರ ಪಕ್ಕದಲ್ಲಿಯೇ, ಅಷ್ಟೇ ಮರ್ಯಾದೆಯಿಂದ, ಗಾಜಿನ ಪೆಟ್ಟಿಗೆಯೊಳಗೆ ಇರಿಸುತ್ತಿದ್ದೆ.