ವೈದ್ಯರ ಸಮ್ಮೇಳನದಲ್ಲಿ ತಾತ

ಮಕ್ಕಳೇ, 35 ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನಗೆ ವೈದ್ಯರ ಸಮ್ಮೇಳನದಲ್ಲೇನು ಕೆಲಸ? "ಹಾವು ಕಡಿತದ ಬಗ್ಗೆ ಮಾತಾಡ್ತಾರೆ, ಬಾ ತಾತ" ಎಂದು ನರ್ಸ್ ಮೊಮ್ಮಗಳು ಮೈಸೂರಿಗೆ ಕರೆದೊಯ್ದಳು. ಅರ್ಧ ಮಾತು ಅರ್ಥವಾಗಲಿಲ್ಲ. ಊಟ ಮಾತ್ರ ಚೆನ್ನಾಗಿತ್ತು.

ಪರದೆಯ ಮೇಲೆ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಬಂದಾಗ ನೆಟ್ಟಗೆ ಕೂತೆ. ಉಮ್ಮತ್ತೂರಿನ ಹೊಲದಲ್ಲಿ ನನ್ನ ತಮ್ಮನಿಗೆ ಮಂಡಲ ಕಚ್ಚಿದಾಗ ಅವನಿಗೆ 9 ವರ್ಷ. ದೊಡ್ಡವರು ಕಾಲಿಗೆ ಹಗ್ಗ ಬಿಗಿದರು, ಮಂತ್ರ ಹಾಕಿಸಿದರು. ಬೆಳಗಾಗುವಷ್ಟರಲ್ಲಿ ಹುಡುಗ ಹೋಗಿದ್ದ.

ವೈದ್ಯರು ಹೇಳಿದ್ದಿಷ್ಟು: ಬಿಗಿಯಾಗಿ ಕಟ್ಟಬೇಡಿ, ಕುಯ್ಯಬೇಡಿ, ಬಾಯಿಂದ ಹೀರಬೇಡಿ. ಕಚ್ಚಿದ ಕೈಕಾಲು ಅಲುಗಾಡಿಸದೆ ಬೇಗ ಆಸ್ಪತ್ರೆಗೆ ತನ್ನಿ. ಕುದುರೆಗೆ ಚೂರುಚೂರೇ ವಿಷ ಚುಚ್ಚಿ, ಅದರ ರಕ್ತದಿಂದ ಮದ್ದು ಮಾಡುತ್ತಾರಂತೆ! 2024ರಿಂದ ಕರ್ನಾಟಕದ ಆಸ್ಪತ್ರೆಗಳು ಪ್ರತಿ ಹಾವು ಕಡಿತವನ್ನೂ ಸರ್ಕಾರಕ್ಕೆ ತಿಳಿಸಲೇಬೇಕು. ಲೆಕ್ಕ ಬರೆದವನಿಗೆ ಇದು ಹಿಡಿಸಿತು. ನನ್ನ ತಮ್ಮ ಯಾವ ಪುಸ್ತಕದಲ್ಲೂ ಜಮೆಯಾಗಿರಲಿಲ್ಲ.

ಕೊನೆಗೆ ನಾನೂ ಕೈ ಎತ್ತಿದೆ. "ಕಟ್ಟುಹಾವು ಕಚ್ಚಿದರೆ ನೋವೇ ಇರಲ್ವಲ್ಲ, ಮಲಗಿದವರು ಏನು ಮಾಡಬೇಕು ಡಾಕ್ಟ್ರೇ?"

"ನೆಲದ ಮೇಲೆ ಮಲಗಬೇಡಿ ಯಜಮಾನ್ರೇ. ಸೊಳ್ಳೆಪರದೆ ಕಟ್ಟಿ, ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಿ."

ಬಸ್ಸಿನಲ್ಲಿ ಮೊಮ್ಮಗಳು ನಿದ್ದೆಹೋದಳು. ನಮ್ಮ ಬೀದಿಯಲ್ಲಿ ನೆಲದ ಮೇಲೆ ಮಲಗುವ ಮಕ್ಕಳೆಷ್ಟು, ಪರದೆ ಎಷ್ಟು ಬೇಕು ಎಂದು ಟಿಕೆಟ್ಟಿನ ಹಿಂದೆ ಲೆಕ್ಕ ಹಾಕುತ್ತಾ ಬಂದೆ.