ಮಾಗಡಿ ಕೆರೆಯ ನಾಲ್ಕು ಮೊಟ್ಟೆ



ನಿಮ್ಮ ಕಾಗದ ತಲುಪಿತು. ಲಕ್ಷ್ಮೇಶ್ವರದ ಬಳಿಯ ಮಾಗಡಿ ಕೆರೆಗೆ ಡಿಸೆಂಬರಿನಲ್ಲೇ ಬರುತ್ತೇನೆ, ಬೇಸಿಗೆಯಲ್ಲಿ ಅಲ್ಲಿ ನೋಡುವುದೇನಿದೆ ಎಂದು ಕೇಳಿದ್ದೀರಿ. ಡಿಸೆಂಬರಿನ ಸೊಗಸು ನನಗೂ ಗೊತ್ತು. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಇರುಳೆಲ್ಲ ಹೊಲಗಳಲ್ಲಿ ಮೇಯ್ದು, ಬೆಳಕು ಹರಿಯುತ್ತಲೇ ಸಾಲುಗಟ್ಟಿ ಕೆರೆಗಿಳಿಯುತ್ತವೆ. ಜೌಗುನೆಲೆಗಳ ರಾಮ್ಸಾರ್ ಪಟ್ಟಿಗೆ ಸೇರಿದ ಈ ಕೆರೆಯ ಹೆಸರು ಕೇಳಿದರೆ ಮೊದಲು ನೆನಪಾಗುವುದೂ ಅವೇ. ಅವು ಹೋದ ಮೇಲೆ ಕೆರೆ ಇಲ್ಲಿಯ ಹಕ್ಕಿಗಳದು. ನಾನು ಹೇಳಬೇಕೆಂದಿರುವುದು ಅವುಗಳ ಸುದ್ದಿ.

ಮೇ ಕೊನೆಯ ಭಾನುವಾರ, ಹೊತ್ತು ಮೂಡುವ ಮೊದಲೇ ಹೋಗಿದ್ದೆ. ನೀರು ನಡುವಿಗೆ ಸರಿದು ದಂಡೆಯ ಕೆಸರು ಬಿರುಕುಬಿಟ್ಟಿತ್ತು. ಗುಳುಮುಳುಕನ ಕತ್ತು ಇಟ್ಟಿಗೆಗೆಂಪಾಗಿತ್ತು. ಉಳಿದ ಕಾಲವೆಲ್ಲ ಕೆಸರುಬಣ್ಣದಲ್ಲಿ ಕಣ್ಣಿಗೇ ಬೀಳದ ಕೊಳದ ಬಕ ಬೆನ್ನ ಮೇಲೆ ಕಡುಗೆಂಪು ಹೊದ್ದು ನಿಂತಿತ್ತು. ಮಳೆ ಹತ್ತಿರವಾದದ್ದು ಗರಿಗಳಿಗೆ ಮೊದಲೇ ತಿಳಿಯುತ್ತದೇನೋ!

ಅಷ್ಟರಲ್ಲಿ ಟಿಟ್ಟಿಭವೊಂದು ಚೀರುತ್ತ ನನ್ನ ತಲೆಯ ಮೇಲೇ ಎರಗಿತು. ಅಲ್ಲೇ ನಿಂತು ಕಾಲ ಬುಡ ನೋಡಿದೆ. ನಾಲ್ಕು ಹೆಜ್ಜೆ ಆಚೆ, ಬರೀ ನೆಲದ ಮೇಲೆ, ಸಣ್ಣ ಹರಳುಗಳ ನಡುವೆ ನಾಲ್ಕು ಮೊಟ್ಟೆ. ಚೂಪು ತುದಿಗಳೆಲ್ಲ ಒಳಮುಖ; ಬಣ್ಣ ಮಣ್ಣಿನದೇ. ಅದು ಕೂಗದಿದ್ದರೆ ತುಳಿದೇ ಬಿಡುತ್ತಿದ್ದೆ. ಈಗ ನೆನೆದರೂ ಎದೆ ಧಸಕ್ಕೆನ್ನುತ್ತದೆ.

ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ದೂರದ ಜಾಲಿಗಿಡದ ಮರೆಯಲ್ಲಿ ಕುಳಿತೆ. ಬಿಸಿಲು ಏರುತ್ತಿತ್ತು. ಈ ಉರಿಯಲ್ಲಿ ಮೊಟ್ಟೆಗೆ ಬೇಕಾದದ್ದು ಕಾವಲ್ಲ, ನೆರಳು. ನಾವು ಫೋಟೋಕ್ಕೆಂದು ಹತ್ತಿರ ನಿಂತಷ್ಟು ಹೊತ್ತೂ ತಾಯಿ ದೂರ ಉಳಿಯುತ್ತದೆ, ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ತುಸು ಹೊತ್ತಿನ ಮೇಲೆ ಹಕ್ಕಿ ನೀರಂಚಿಗೆ ಹೋಯಿತು. ಕುಡಿಯಲಿಲ್ಲ, ಮೀಯಲಿಲ್ಲ; ನೀರಿಗೆ ಹೊಟ್ಟೆ ಒತ್ತಿ ಕುಳಿತು, ಗರಿ ತೊಯ್ಯಿಸಿಕೊಂಡು, ಓಡುತ್ತ ನಿಲ್ಲುತ್ತ ಬಂದು ಮೊಟ್ಟೆಗಳ ಮೇಲೆ ತಣ್ಣಗೆ ಕೂತಿತು. ಓದಿ ಗೊತ್ತಿತ್ತು, ಕಣ್ಣಾರೆ ಕಂಡಿದ್ದು ಅಂದೇ. ದುರ್ಬೀನು ಹಿಡಿದ ಕೈ ನಡುಗಿತು.

ಈ ಮೊಟ್ಟೆಗಳು ಒಡೆಯಲು ಸುಮಾರು ನಾಲ್ಕು ವಾರ ಬೇಕು. ಯಾವತ್ತು ಇಟ್ಟದ್ದೋ ನಾನರಿಯೆ. ಮಿರಗದ ಮಳೆ ಜೋರಾಗಿ ಹಿಡಿದರೆ ನೀರು ಮೊದಲು ಏರುವುದು ಆ ಜಾಗಕ್ಕೇ. ಮಳೆ ಒಂದೆರಡು ವಾರ ತಡೆಯಲಿ ಎಂದುಕೊಂಡೆ. ಮರಳುವಾಗ ಹೆಸರು ಬಿತ್ತಲು ಹೊಲ ಹಸನು ಮಾಡಿ ಮುಗಿಲು ನೋಡುತ್ತ ನಿಂತವರು ಕಂಡರು. ಆ ಮಾತನ್ನು ಮನಸ್ಸಿನಲ್ಲೇ ನುಂಗಿಕೊಂಡೆ.

ಮರಿಗಳು ಹೊರಬಂದ ದಿನವೇ ಗೂಡು ಬಿಟ್ಟು ತಾಯಿಯ ಹಿಂದೆ ನಡೆಯುತ್ತವೆ. ಬರುವ ಭಾನುವಾರ ಮತ್ತೆ ಹೋಗುತ್ತೇನೆ, ಜಾಲಿಗಿಡದವರೆಗೆ ಮಾತ್ರ. ಬಿಡುವಿದ್ದರೆ ನೀವೂ ಬನ್ನಿ. ನೀರಿನ ಬಾಟಲಿ, ಮಣ್ಣುಬಣ್ಣದ ಅಂಗಿ ಇರಲಿ. ಐದೂವರೆಗೆ ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ ಕಾದಿರುತ್ತೇನೆ.

ನಿಮ್ಮ ಗೆಳೆಯ