ಬೀದರಿಗೆ ಒಯ್ದ ಡಬ್ಬಿ

ನಮ್ಮ ಸೋದರತ್ತೆಯವರ ಪೆಟ್ಟಿಗೆಯಲ್ಲಿ ಎಲೆಯಡಿಕೆಯ ಡಬ್ಬಿಯೊಂದು ಬಹುಕಾಲದಿಂದ ಇದ್ದಿತು. ಅಂಗೈಯಗಲದ ಡಬ್ಬಿ, ಮೈಯೆಲ್ಲ ಕಾಡಿಗೆಗಪ್ಪು, ಆ ಕಪ್ಪಿನ ಮೇಲೆ ಬೆಳ್ಳಿಯ ಎಲೆಬಳ್ಳಿ. ನಮ್ಮ ತಾತನವರು ಹೈದರಾಬಾದಿಗೆ ಹೋಗಿದ್ದಾಗ ಕೊಂಡು ತಂದದ್ದೆಂದೂ, ಅದು ಬಿದರಿ ಕೆಲಸದ್ದೆಂದೂ ಅತ್ತೆಯವರು ಹೇಳುತ್ತಿದ್ದರು. ಅವರಿಗೀಗ ಎಂಬತ್ತೆಂಟು ವರ್ಷ. ಕಣ್ಣು ಕಾಣದು. ಆದರೂ ಸಂಜೆಯ ಹೊತ್ತು ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರುವುದು ಅವರ ವಾಡಿಕೆ.

ಕಳೆದ ದೀಪಾವಳಿಯ ನೀರು ತುಂಬುವ ಹಬ್ಬದ ದಿನ ನಮ್ಮಿಂದ ಒಂದು ಅಪರಾಧವಾಯಿತು. ಹಂಡೆಯನ್ನು ಹುಣಿಸೆಹಣ್ಣು ಹಾಕಿ ಬೆಳಗುತ್ತಿದ್ದ ಉತ್ಸಾಹದಲ್ಲಿ, ಇದೂ ಮಾಸಿದೆಯಲ್ಲಾ ಎಂದುಕೊಂಡು ಡಬ್ಬಿಯನ್ನೂ ತೆಗೆದುಕೊಂಡು ಉಜ್ಜಿದೆವು. ನೋಡನೋಡುತ್ತಿದ್ದಂತೆ ಅದರ ಒಂದು ಪಕ್ಕದ ಕಪ್ಪು ಕರಗಿ ಬೂದಿಯ ಬಣ್ಣ ಬಂದಿತು. ಬಂಧುಗಳಲ್ಲಿ ಒಬ್ಬರು, “ಇದು ಅಲ್ಯೂಮಿನಿಯಂ ಮೇಲೆ ಬಣ್ಣ ಬಳಿದ ಸಾಮಾನು. ಬಣ್ಣವಾದ್ದರಿಂದಲೇ ಹೋಯಿತು. ಗುಜರಿಗೆ ಹಾಕಿ” ಎಂದರು. ಈ ಮಾತು ಅತ್ತೆಯವರ ಕಿವಿಗೆ ಬಿದ್ದಿತು. “ಅಪ್ಪ ಮೋಸಹೋಗುವವರಲ್ಲ ಕಣಪ್ಪ” ಎಂದಷ್ಟೇ ಹೇಳಿ ಅವರು ಸುಮ್ಮನಾದರು. ಅಂದಿನಿಂದ ಡಬ್ಬಿಯನ್ನು ಕೇಳಲಿಲ್ಲ.

ಆದಕಾರಣ ಅದನ್ನು ಬೀದರಿಗೇ ಒಯ್ದು ತೋರಿಸಿ, ಸಾಧ್ಯವಾದರೆ ಕಪ್ಪನ್ನು ಮರಳಿ ಕೂಡಿಸಿಕೊಂಡು ಬರಬೇಕೆಂದು ನಿಶ್ಚಯಿಸಿದೆವು. ಜೊತೆಯಲ್ಲಿ ಇನ್ನೊಂದು ಗಂಟೂ ಇತ್ತು. ಕೆಲವು ವರ್ಷಗಳ ಹಿಂದೆ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ, ಬಹಮನಿ ಸುಲ್ತಾನರ ಕಾಲದ್ದೆಂಬ ಭರವಸೆಯ ಮೇಲೆ ದೊಡ್ಡ ಬೆಲೆ ಕೊಟ್ಟು ನಾವು ಕೊಂಡಿದ್ದ ಗಂಟೆಯಾಕಾರದ ಹುಕ್ಕಾದ ಬುಡ ಅದು. ಡಬ್ಬಿ ಸುಳ್ಳಾದರೂ ಇದಂತೂ ನಿಜವೆಂಬ ಧೈರ್ಯ ನಮಗಿದ್ದಿತು.

ಮೈಸೂರಿನಿಂದ ಹೊರಟವರು ಕಲಬುರಗಿಯಲ್ಲಿ ಇಳಿದು, 2017ರಲ್ಲಿ ತೆರೆದ ಹೊಸ ರೈಲುಮಾರ್ಗದಲ್ಲಿ ಬೀದರನ್ನು ಸೇರಿದೆವು. ಊರು ಎತ್ತರವಾದ ಕೆಂಪು ಜಂಬಿಟ್ಟಿಗೆಯ ದಿಬ್ಬದ ಮೇಲಿದೆ. ಕೋಟೆ, ಕಂದಕ, ಬಾವಿ ಎಲ್ಲವೂ ಅದೇ ಕೆಂಪಿನವು. 15ನೆಯ ಶತಮಾನದ ಮೊದಲರ್ಧದಲ್ಲಿ ಬಹಮನಿ ಅರಸು ಅಹಮದ್ ಷಾ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದನು. ಬಹಮನಿಗಳ ತರುವಾಯ ಬರೀದರು ಇಲ್ಲಿ ಆಳಿದರು.

ಕೋಟೆಯೊಳಗಿನ ರಂಗೀನ್ ಮಹಲನ್ನು ಮೊದಲು ನೋಡಿದೆವು. ಕಪ್ಪು ಕಲ್ಲಿನಲ್ಲಿ ಬಳ್ಳಿಯ ಆಕಾರವನ್ನು ಕೊರೆದು, ಆ ಕೊರೆತದೊಳಗೆ ಮುತ್ತಿನ ಚಿಪ್ಪಿನ ಚೂರುಗಳನ್ನು ಕೂಡಿಸಿದ್ದಾರೆ. ಕತ್ತಲೆಯ ಕೋಣೆಯಲ್ಲಿ ಆ ಬಳ್ಳಿ ಬೆಳದಿಂಗಳಂತೆ ಹೊಳೆಯುತ್ತದೆ. ನಮ್ಮ ಚೀಲದಲ್ಲಿದ್ದ ಡಬ್ಬಿಯ ನೆನಪು ತಾನಾಗಿಯೇ ಆಯಿತು. ಅಲ್ಲಿ ಕಲ್ಲು, ಇಲ್ಲಿ ಲೋಹ. ಅಲ್ಲಿ ಚಿಪ್ಪು, ಇಲ್ಲಿ ಬೆಳ್ಳಿ. ಕಪ್ಪಿನಲ್ಲಿ ಬಿಳುಪನ್ನು ಕೂಡಿಸುವ ರುಚಿ ಮಾತ್ರ ಒಂದೇ.

ಅಲ್ಲಿಂದ ಊರೊಳಗೆ ಬಂದು ಮಹಮೂದ್ ಗವಾನನ ಮದರಸದ ಮುಂದೆ ನಿಂತೆವು. 1472ರಲ್ಲಿ ಮುಗಿದ ಈ ವಿದ್ಯಾಶಾಲೆಯ ಮುಂಭಾಗದ ದೊಡ್ಡ ಪಾಲು, 17ನೆಯ ಶತಮಾನದ ಕೊನೆಯಲ್ಲಿ ಒಳಗೆ ಶೇಖರಿಸಿದ್ದ ಮದ್ದು ಸಿಡಿದು ಬಿದ್ದುಹೋಯಿತು. ಎರಡು ಮಿನಾರುಗಳಲ್ಲಿ ಒಂದೇ ನಿಂತಿದೆ. ನೀಲಿ, ಬಿಳಿ, ಹಸುರು ಬಣ್ಣದ ಹೆಂಚುಗಳು ಒಂದು ಕಡೆ ಉಳಿದಿವೆ, ಮಿಕ್ಕ ಕಡೆ ಬರಿಯ ಗೋಡೆ. ಇದಕ್ಕೆ ಹೊಸ ಹೆಂಚು ಹಚ್ಚಿಸಿಬಿಟ್ಟರೆ ಎಷ್ಟು ಚೆಲುವಾದೀತು ಎಂದು ನಾವು ಆಗ ಅಂದುಕೊಂಡೆವು. ಆ ಮಾತನ್ನು ಅದೇ ಸಂಜೆ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ಊರ ನಡುವಿನ ಚೌಬಾರದ ಸಮೀಪದ ಬೀದಿಗಳಲ್ಲಿ ಬಿದರಿ ಕೆಲಸದ ಅಂಗಡಿಗಳಿವೆ. ಒಂದರೊಳಗೆ ಹೋದೆವು. ವೃದ್ಧರಾದ ಕುಶಲಿಯೊಬ್ಬರು ನೆಲದ ಮೇಲೆ ಕುಳಿತು, ಹೂದಾನಿಯೊಂದನ್ನು ಮುಂದಿಟ್ಟುಕೊಂಡು ಸಣ್ಣ ಉಳಿಯಿಂದ ಗೆರೆ ಕೊರೆಯುತ್ತಿದ್ದರು. ನಾವು ಗಂಟನ್ನು ಬಿಚ್ಚಲು ಹೊರಟರೆ, “ಮೊದಲು ಕೆಲಸ ನೋಡ್ರಿ. ಹ್ಯಾಂಗ ಮಾಡ್ತಾರ ಅಂತ ತಿಳಿದರ, ಅಸಲಿ ಯಾವುದು ಅಂತ ನೀವೇ ಹೇಳ್ತೀರಿ” ಎಂದರು. ಆ ಮಾತು ಎಲ್ಲ ಹಳೆಯ ವಸ್ತುಗಳಿಗೂ ಸಲ್ಲುವುದೆಂದು ನಮಗೆ ಈಗ ತೋರುತ್ತದೆ.

ಬಿದರಿಯ ಲೋಹ ಬೆಳ್ಳಿಯೂ ಅಲ್ಲ, ಕಬ್ಬಿಣವೂ ಅಲ್ಲ. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರಿಸಿ ಕರಗಿಸಿ, ಹರಳೆಣ್ಣೆಯನ್ನೂ ರಾಳವನ್ನೂ ಬೆರಸಿದ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡಿ, ಗೆರೆಗಳು ಕಾಣಲೆಂದು ಮೈಲುತುತ್ತದ ನೀರನ್ನು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಅದರ ಮೇಲೆ ಚಿತ್ರವನ್ನು ಬಿಡಿಸಿ, ಉಳಿಯಿಂದ ಕೊರೆದು, ಆ ಸಾಲಿನೊಳಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಇಟ್ಟು ಬಡಿದು ಕೂಡಿಸುತ್ತಾರೆ. ತಂತಿಯ ಕೆಲಸಕ್ಕೆ ತಾರಕಶಿ ಎಂದು ಹೆಸರು. ಮತ್ತೆ ಉಜ್ಜಿದಾಗ ಪಾತ್ರೆಯೆಲ್ಲ ಬೆಳ್ಳಗೆ, ಬೆಳ್ಳಿ ಯಾವುದು ಸತು ಯಾವುದು ತಿಳಿಯದಂತೆ ಇರುತ್ತದೆ. ಕೊನೆಯಲ್ಲಿ ಕೋಟೆಯ ಹಳೆಯ ಕಟ್ಟಡಗಳಲ್ಲಿ ಬಿಸಿಲು ಮಳೆ ತಾಗದೆಡೆಯಿಂದ ತಂದ ಮಣ್ಣಿಗೆ ನವಸಾಗರ ಮತ್ತು ನೀರನ್ನು ಸೇರಿಸಿ, ಬಿಸಿಮಾಡಿದ ಪಾತ್ರೆಗೆ ಬಳಿಯುತ್ತಾರೆ. ಸತುವಿನ ಮೈ ಕೆಲವು ಕ್ಷಣಗಳಲ್ಲಿ ಕಾಡಿಗೆಗಪ್ಪಾಗುತ್ತದೆ. ಬೆಳ್ಳಿ ಇದ್ದಂತೆಯೇ ಇರುತ್ತದೆ. ಮಣ್ಣು ತಕ್ಕುದೋ ಅಲ್ಲವೋ ಎಂಬುದನ್ನು ಕುಶಲಿಗಳು ನಾಲಿಗೆಗೆ ಮುಟ್ಟಿಸಿ ನೋಡಿ ನಿರ್ಧರಿಸುತ್ತಾರೆ.

ಇಷ್ಟನ್ನು ನೋಡಿದ ಮೇಲೆ ಗಂಟು ಬಿಚ್ಚಿದೆವು. ಅವರು ಮೊದಲು ಡಬ್ಬಿಯನ್ನು ಅಂಗೈಯಲ್ಲಿ ತೂಗಿ ನೋಡಿದರು. ಅಲ್ಯೂಮಿನಿಯಂ ಆಗಿದ್ದರೆ ಹಗುರವಾಗಿರಬೇಕಾಗಿತ್ತು, ಇದು ಭಾರವಾಗಿದ್ದಿತು. ಸೂಜಿಗಲ್ಲನ್ನು ಹಿಡಿದರು, ಅಂಟಲಿಲ್ಲ. ಅಂಟಿದ್ದರೆ ಕಬ್ಬಿಣವೆಂದು ಅರ್ಥ. ಉಗುರನ್ನು ಬಳ್ಳಿಯ ಮೇಲೆ ಮೆಲ್ಲಗೆ ಆಡಿಸಿದರು. ಬೆಳ್ಳಿಯ ಅಂಚು ಎಲ್ಲಿಯೂ ತಡೆಯಲಿಲ್ಲ. ಒಂದು ಕಡೆ ತಂತಿ ಬಿದ್ದುಹೋಗಿದ್ದಿತು. ನಾವು ಕುಂದೆಂದು ನಾಚಿದ್ದ ಆ ಜಾಗವನ್ನೇ ಅವರು ಸಂತೋಷದಿಂದ ತೋರಿಸಿದರು. ಅಲ್ಲಿ ಉಳಿಯ ಏಟಿನ ಸಾಲು ಸ್ಪಷ್ಟವಾಗಿ ಕಾಣುತ್ತಿದ್ದಿತು. ಬಣ್ಣದಲ್ಲಿ ಬರೆದ ಬಳ್ಳಿಯ ಕೆಳಗೆ ಅಂತಹ ಸಾಲು ಇರುವುದಿಲ್ಲ. ಹುಣಿಸೆಹಣ್ಣು ತಾಗಿದ ಪಕ್ಕವನ್ನು ನೋಡಿ, “ಬಣ್ಣ ಆಗಿದ್ದರ ಹೆಕ್ಕಳಿಕೆ ಎದ್ದು ಬರ್ತಿತ್ತು. ಇದು ಹುಳಿಗೆ ಕರಗ್ಯಾದ. ಸತುವಿಗೆ ಹುಳಿ ವೈರಿ. ಇದು ಅಸಲಿ ಅದರಿ” ಎಂದರು.

ಹಳೆಯದು ಹೌದೆ, ಎಂದು ಕೇಳಿದೆವು. ಮುಚ್ಚಳದ ನಡುವೆ, ಹೆಬ್ಬೆಟ್ಟು ಕೂರುವ ಕಡೆ, ಬೆಳ್ಳಿಯ ಹೂವು ಸವೆದು ತುಸು ತಗ್ಗಾಗಿರುವುದನ್ನು ಅವರು ತೋರಿಸಿದರು. ಅಂಚಿನಲ್ಲಿ, ತೆರೆಯುವಾಗ ಬೆರಳು ತಾಗುವ ಕಡೆಯೂ ಸವೆತವಿದ್ದಿತು. ಕೈ ತಾಗದ ಮೂಲೆಗಳಲ್ಲಿ ಗೆರೆಗಳು ಚೂಪಾಗಿಯೇ ಇದ್ದುವು. ಕೈಯಾಡಿದ ಕಡೆ ಮಾತ್ರ ಸವೆಯುವುದು ವರ್ಷಗಳ ಕೆಲಸ.

ಆಮೇಲೆ ಹುಕ್ಕಾದ ಬುಡವನ್ನು ಕೈಗೆತ್ತಿಕೊಂಡರು. ತೂಕ ಸರಿ, ಸೂಜಿಗಲ್ಲು ಸರಿ, ಬೆಳ್ಳಿ ಸರಿ. “ಇದೂ ಅಸಲಿ ಬಿದರಿನೇ. ಹಳೇದು ಮಾತ್ರ ಅಲ್ಲರಿ” ಎಂದರು. ಸವೆತ ಎಲ್ಲ ಕಡೆಯೂ ಒಂದೇ ಸಮನಾಗಿದ್ದಿತು; ಕತ್ತಿನ ಸಂದಿಯಂತಹ ಬೆರಳು ಹೋಗದ ಕಡೆಯೂ ಇದ್ದಿತು. ಯಾರೋ ಮರಳು ಕಾಗದದಿಂದ ಉಜ್ಜಿ ವಯಸ್ಸನ್ನು ತಂದುಕೊಟ್ಟಿದ್ದರು. ನಾವು ತಲೆ ತಗ್ಗಿಸಿದೆವು. ಹಿಂದಿನ ಚರಿತ್ರೆಯನ್ನು ಸ್ವಲ್ಪ ನೆನೆದಿದ್ದರೆ, ಕೊಳ್ಳುವಾಗಲೇ ನಾವು ಎಚ್ಚರಬಹುದಾಗಿತ್ತು. ಹೊಗೆಸೊಪ್ಪು ಪೋರ್ಚುಗೀಸರ ಮೂಲಕ ಈ ನಾಡಿಗೆ ಬಂದದ್ದು. ಬಿಜಾಪುರದಲ್ಲಿ ಅದನ್ನು ಕಂಡ ಅಸದ್ ಬೇಗನು ಅಕ್ಬರನಿಗೆ ಒಯ್ದು ತೋರಿಸಿದ್ದು 17ನೆಯ ಶತಮಾನದ ಆರಂಭದಲ್ಲಿ. ಬಹಮನಿ ರಾಜ್ಯವಾದರೋ 16ನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಕೊನೆಗಂಡಿದ್ದಿತು. ಹೊಗೆಸೊಪ್ಪೇ ಹರಡದಿದ್ದ ಕಾಲದ ಅರಸರಿಗೆ ಹುಕ್ಕಾ ಎಲ್ಲಿಂದ ಬರಬೇಕು? ಅಲ್ಲದೆ ಹಳೆಯ ಹುಕ್ಕಾದ ಬುಡಗಳು ಚೆಂಡಿನಂತೆ ದುಂಡಗಿದ್ದು, ಗಂಟೆಯ ಆಕಾರ ಬಳಕೆಗೆ ಬಂದದ್ದು 18ನೆಯ ಶತಮಾನದಲ್ಲಿ.

ಇದರಿಂದ ನಾವು ಕಲಿತದ್ದು ಇಷ್ಟು. ವಸ್ತು ನಿಜವಾದುದೆ ಎಂಬುದು ಒಂದು ಪ್ರಶ್ನೆ. ಅದರ ವಯಸ್ಸೆಷ್ಟು ಎಂಬುದು ಬೇರೊಂದು ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಸಿಕ್ಕಿದೊಡನೆ ಎರಡನೆಯದೂ ಮುಗಿಯಿತೆಂದು ನಂಬುವವನೇ ಮೋಸಹೋಗುವನು.

ಕೊನೆಗೆ ನಾವು ಬಂದ ಕೆಲಸವನ್ನು ಹೇಳಿದೆವು. ಡಬ್ಬಿಯನ್ನು ಮೊದಲಿನಂತೆ ಮಾಡಿಕೊಡಲಾಗುವುದೆ? “ಆಗ್ತದ. ಎರಡು ದಿನ ಸಾಕು. ಖರೇ ಅಂದರ ಪೂರಾ ಮೈ ಉಜ್ಜಬೇಕು, ಹೊಸ ತಂತಿ ಕೂಡಿಸಬೇಕು, ಕಾಸಿ ಮಣ್ಣು ಹಚ್ಚಬೇಕು. ಚಂದ ಆಗ್ತದ. ಆದರ ಆಮೇಲೆ ಅದು ನನ್ನ ಕೆಲಸ ಆಗ್ತದ, ಅವರದು ಉಳಿಯಂಗಿಲ್ಲ” ಎಂದು ಅವರು ಮುಚ್ಚಳದ ತಗ್ಗನ್ನು ಮುಟ್ಟಿದರು. “ಇದೂ ಹೋಗ್ತದ.”

ಆಗ ನಮಗೆ ಅತ್ತೆಯವರ ಕೈ ಕಣ್ಣಿಗೆ ಕಟ್ಟಿತು. ಸಂಜೆ ಸಂಜೆಗೂ ಅವರ ಹೆಬ್ಬೆಟ್ಟು ಹುಡುಕಿಕೊಂಡು ಹೋಗುತ್ತಿದ್ದುದು ಆ ತಗ್ಗನ್ನೇ. ಅವರಿಗಿಂತ ಮೊದಲು ಅವರ ತಂದೆಯ ಹೆಬ್ಬೆಟ್ಟು ಅಲ್ಲಿ ಕುಳಿತಿದ್ದಿತು. ಕಣ್ಣಿಲ್ಲದವರಿಗೆ ಕಪ್ಪಿದ್ದರೇನು, ಬೂದಿಯಿದ್ದರೇನು? ಕಪ್ಪು ಬೇಕಾಗಿದ್ದುದು ನಮಗೆ, ನಮ್ಮ ತಪ್ಪನ್ನು ಮುಚ್ಚಿಕೊಳ್ಳುವುದಕ್ಕೆ. ಮದರಸದ ಬರಿಯ ಗೋಡೆಯೂ ನೆನಪಾಯಿತು. ಅದಕ್ಕೆ ಹೊಸ ಹೆಂಚು ಹಚ್ಚಿಸಿದ್ದರೆ ಉಳಿದ ಹಳೆಯ ಹೆಂಚನ್ನು ಯಾರು ನಂಬುತ್ತಿದ್ದರು? ಡಬ್ಬಿಯನ್ನು ಹಾಗೆಯೇ ಮರಳಿ ಕಟ್ಟಿಕೊಂಡೆವು. ಪರೀಕ್ಷೆಗೆಂದು ಕೊಟ್ಟ ಹಣವನ್ನು ಆ ಹಿರಿಯರು ಮುಟ್ಟಲಿಲ್ಲ. ಅವರ ಕೈಕೆಲಸದ ಚಿಕ್ಕ ಕುಂಕುಮದ ಬಟ್ಟಲೊಂದನ್ನು ಕೊಂಡೆವು.

ಗೃಹಸ್ಥರ ಉಪಯೋಗಕ್ಕಾಗಿ ಅವರು ಹೇಳಿದ ಉಪಚಾರವನ್ನೂ ನಮ್ಮ ಅನುಭವವನ್ನೂ ಸೇರಿಸಿ ಇಲ್ಲಿ ಬರೆಯುತ್ತೇವೆ. ಬಿದರಿಗೆ ಹುಣಿಸೆ, ನಿಂಬೆ, ಬೂದಿ, ಹಿತ್ತಾಳೆ ಬೆಳಗುವ ಪುಡಿ ಇವು ಯಾವುವೂ ಕೂಡದು. ನೀರಿನಲ್ಲಿ ನೆನೆಯಿಡಬಾರದು, ಉಪ್ಪು, ಉಪ್ಪಿನಕಾಯಿ, ಸುಣ್ಣ ಇವನ್ನು ಅದರಲ್ಲಿ ತುಂಬಬಾರದು. ಮೆತ್ತನೆಯ ಒಣ ಹತ್ತಿಬಟ್ಟೆಯಿಂದ ಧೂಳನ್ನು ಒರಸಿದರೆ ಸಾಕು. ಹೊಸ ಸಾಮಾನು ಮಂಕಾದರೆ ಕೊಬ್ಬರಿ ಎಣ್ಣೆಯ ಒಂದು ತೊಟ್ಟನ್ನು ಬಟ್ಟೆಗೆ ಹಚ್ಚಿ ಸವರಿ, ಪುನಃ ಒಣ ಬಟ್ಟೆಯಿಂದ ಒರಸಬಹುದು. ಇಡುವಾಗ ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಬೇಕು. ರಬ್ಬರಿನ ಪಟ್ಟಿ ಹಾಕಬಾರದು. ಅದರಲ್ಲಿನ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ವಸ್ತುವನ್ನು ಯಾರು, ಎಲ್ಲಿ, ಯಾವಾಗ ಕೊಂಡರೆಂದು ತಿಳಿದ ಹಿರಿಯರು ಇರುವಾಗಲೇ ಕೇಳಿ ಬರೆದು, ಆ ಚೀಟಿಯನ್ನು ವಸ್ತುವಿನ ಜೊತೆಯಲ್ಲಿಯೇ ಇಡತಕ್ಕದ್ದು. ಬಿದರಿಯ ಕುಶಲಿಗಳು ಹೆಸರು ಕೆತ್ತುವುದು ಅಪರೂಪವಾದ್ದರಿಂದ ಇಂತಹ ಚೀಟಿಗೆ ಬೆಲೆ ಹೆಚ್ಚು.

ಕೊಳ್ಳುವವರು ಕಾನೂನನ್ನೂ ತಿಳಿದಿರಬೇಕು. 1972ರ ಪುರಾತನ ವಸ್ತುಗಳ ಕಾಯಿದೆಯಂತೆ ನೂರು ವರ್ಷಕ್ಕೆ ಕಡಮೆಯಿಲ್ಲದ ಕಲಾವಸ್ತು ಪುರಾತನ ವಸ್ತುವೆನಿಸುತ್ತದೆ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅದನ್ನು ಹೊರದೇಶಕ್ಕೆ ಸಾಗಿಸಕೂಡದು. ನೂರಾರು ವರ್ಷದ್ದೆಂದು ಹೇಳಿ, ಪರವಾನಗಿ ಕೇಳಿದರೆ ಮುಖ ತಿರುಗಿಸುವ ಅಂಗಡಿಯಿಂದ ದೂರವಿರುವುದು ಲೇಸು. ಹೊಸದನ್ನು ಹೊಸದೆಂದೇ ಕೊಳ್ಳುವುದರಲ್ಲಿ ಕೊರತೆಯೇನೂ ಇಲ್ಲ. ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಬೀದರಿನ ಕುಶಲಿ ಷಾ ರಶೀದ್ ಅಹಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಈ ಕೆಲಸ ಜೀವಂತವಾಗಿರುವಾಗ ಸುಳ್ಳು ವಯಸ್ಸಿಗೆ ಹಣ ತೆರುವುದೇಕೆ?

ಊರಿಗೆ ಮರಳಿದ ದಿನ ಸಂಜೆ ಡಬ್ಬಿಯನ್ನು ಅತ್ತೆಯವರ ಕೈಗೆ ಕೊಟ್ಟೆವು. ಅವರ ಹೆಬ್ಬೆಟ್ಟು ಮುಚ್ಚಳದ ಮೇಲೆ ಒಂದು ಸುತ್ತು ತಿರುಗಿ ತನ್ನ ಜಾಗದಲ್ಲಿ ನಿಂತಿತು. “ಏನಂದರು?” ಎಂದರು.

“ಬಿದರಿಯದೇ, ಅತ್ತೆ. ತಾತ ಮೋಸಹೋಗಿರಲಿಲ್ಲ. ಮೋಸಹೋದವರು ನಾವು” ಎಂದು ಹುಕ್ಕಾದ ಕಥೆಯನ್ನು ಹೇಳಿದೆವು. ಅವರು ಬಹಳ ಹೊತ್ತು ನಕ್ಕರು. ಆಮೇಲೆ ಕಾಗದ ಲೇಖನಿಗಳನ್ನು ತರಹೇಳಿ, ತಾತನವರು ಹೈದರಾಬಾದಿಗೆ ಹೋದ ಸಂಗತಿಯನ್ನು ಮೊದಲಿನಿಂದ ಹೇಳತೊಡಗಿದರು. ನಾವು ಬರೆದುಕೊಂಡೆವು. ಆ ಚೀಟಿ ಈಗ ಡಬ್ಬಿಯೊಳಗೆ ಇದೆ.